ಅಪ್ಪನ ಬಂದೂಕು ತಾನಾಗಿ ಮಗನದಾಗದು

ಗೋಕಾಕ: ತಂದೆಯ ಹೊಲದಂತೆ ಅವರ ಬಂದೂಕಿಗೂ ಮಕ್ಕಳೇ ಹಕ್ಕುದಾರರು ಎಂಬ ನಂಬಿಕೆ ಕುಟುಂಬಗಳನ್ನು ಪೇಚಿಗೆ ಸಿಲುಕಿಸಬಲ್ಲದು. ಪರವಾನಗಿ ವ್ಯಕ್ತಿಗೆ ನೀಡಿದ್ದು, ಮನೆತನಕ್ಕಲ್ಲ. ಪರವಾನಗಿದಾರರು ನಿಧನರಾದರೆ ಬಂದೂಕನ್ನು ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಗೆ ಇಲ್ಲವೇ ಅಧಿಕೃತ ಶಸ್ತ್ರಾಸ್ತ್ರ ವ್ಯಾಪಾರಿಗೆ ಒಪ್ಪಿಸಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಬೆಳೆ ಕಾಯಲು ಪಡೆದ ಹಳೆಯ ನಾಡಬಂದೂಕಿಗೂ ವಿನಾಯಿತಿಯಿಲ್ಲ. ಅಟ್ಟದಲ್ಲಿಟ್ಟು ಮರೆತರೆ ಅದು ಅಕ್ರಮ ಶಸ್ತ್ರ. 2019ರ ತಿದ್ದುಪಡಿಯ ನಂತರ ಇದಕ್ಕೆ 2ರಿಂದ 5 ವರ್ಷಗಳವರೆಗೆ ಜೈಲುಶಿಕ್ಷೆಯಿದೆ.

ಉಳಿಸಿಕೊಳ್ಳಬೇಕೆಂದರೆ ವಾರಸುದಾರರು ತಮ್ಮ ಹೆಸರಿನಲ್ಲೇ ಪರವಾನಗಿ ಪಡೆಯಬೇಕು. ಗೋಕಾಕ, ಹುಕ್ಕೇರಿ ಹಾಗೂ ಗೋಕಾಕದಿಂದ ಬೇರ್ಪಟ್ಟ ಮೂಡಲಗಿ ತಾಲ್ಲೂಕಿನವರು ಇದಕ್ಕಾಗಿ ಬೆಳಗಾವಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿಯ ಜೊತೆಗೆ ಬಂದೂಕನ್ನು ಮನೆಯಲ್ಲಿ ಭದ್ರವಾಗಿಡುವ ಹೊಣೆಯನ್ನೂ 2016ರ ನಿಯಮಗಳು ವಿಧಿಸುತ್ತವೆ.

ಹಲವರ ಗಮನಕ್ಕೆ ಬಾರದ ದಾರಿಯೊಂದು ಅದೇ ನಿಯಮಗಳಲ್ಲಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷಗಳಿಂದ ಅವರ ಬಳಿಯಿದ್ದರೆ, ತಾವು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಿ ಅವರ ಹೆಸರಿಗೆ ಪರವಾನಗಿ ಕೋರಬಹುದು. ಆದರೆ ಆ ವಾರಸುದಾರರ ಬಳಿ ಈಗಾಗಲೇ 2 ಬಂದೂಕುಗಳಿದ್ದರೆ ಮೂರನೆಯದಕ್ಕೆ ಅವಕಾಶವಿಲ್ಲ, ಪಿತ್ರಾರ್ಜಿತವಾದರೂ ಅಷ್ಟೇ.