ಬರಿದಾದ ವಾದ್ಯವೃಂದದ ಮುಂದೆ

ಹತ್ತು ಮಂದಿಯ ಮುಂದೆ ಒಬ್ಬಂಟಿಯಾಗಿ ನಿಂತು ಹಾಡುವ ಧೈರ್ಯ ನಮಗೆ ಎಂದೂ ಇರಲಿಲ್ಲ. ಬಾಲ್ಯದಲ್ಲಿ ಊರಿನ ಇಗರ್ಜಿಯ ಗಾಯನ ವೃಂದಕ್ಕೆ ಸೇರಲು ಹೋದಾಗ, ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಎರಡು ಸಾಲು ಕೇಳಿ, "ನೀನು ಪುಸ್ತಕ ಹಂಚು ಮಗಾ" ಎಂದು ನಯವಾಗಿ ಕಳುಹಿಸಿಬಿಟ್ಟಿದ್ದರು. ಆ ತೀರ್ಪನ್ನು ಶಿರಸಾವಹಿಸಿ ಮೂವತ್ತು ವರ್ಷ ಪಾಲಿಸಿಕೊಂಡು ಬಂದವರು ನಾವು. ನಮ್ಮ ಮನೆಯಾಕೆಯದು ಇದಕ್ಕೆ ತದ್ವಿರುದ್ಧ. ಮದುವೆಗೆ ಮುಂಚೆ ತನ್ನ ಧರ್ಮಕೇಂದ್ರದ ಗಾಯನ ವೃಂದಕ್ಕೆ ಆಕೆಯೇ ಮುಂದಾಳು. ಮನೆಯಲ್ಲಿಯೂ ಅಷ್ಟೆ, ತೆಂಗಿನಕಾಯಿ ತುರಿಯುವಾಗಲೂ ಬಾಯಲ್ಲೊಂದು ಹಾಡಿರುತ್ತಿತ್ತು.

2008ರಲ್ಲಿ ಉದ್ಯೋಗ ನಿಮಿತ್ತ ನಾವಿಬ್ಬರೂ ಜಪಾನಿನ ಕೋಬೆ ನಗರಕ್ಕೆ ಹೋಗಬೇಕಾಯಿತು. ಒಂದು ಕಡೆ ರೊಕ್ಕೊ ಪರ್ವತ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಚಾಚಿಕೊಂಡ ಊರು. ಕರಾವಳಿಯವರಿಗೆ ಒಗ್ಗದ ನೋಟವೇನಲ್ಲ. ನಾವು ಬೆಳಿಗ್ಗೆ ಕಚೇರಿಗೆ ಹೊರಟರೆ ಮರಳುವಾಗ ರಾತ್ರಿ ಒಂಬತ್ತು. ಭಾಷೆ ಬಾರದ ಆಕೆ ದೂರವಾಣಿ ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅಡುಗೆಮನೆಯ ಹಾಡು ನಿಂತುಹೋಗಿತ್ತು. ಕೇಳಿದರೆ, "ಗೋಡೆ ತೆಳು, ಪಕ್ಕದವರಿಗೆ ತೊಂದರೆ" ಎಂಬ ಉತ್ತರ. ಗೋಡೆಯ ಮೇಲೆ ತಪ್ಪು ಹೊರಿಸಿ ನಾವೂ ಸುಮ್ಮನಾದೆವು. ಅದು ನಮ್ಮ ಅನುಕೂಲದ ಮೌನವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇವೆ.

ಜಪಾನಿನಲ್ಲಿ ಕಚೇರಿಯ ವರ್ಗಾವಣೆಗಳು ಹೆಚ್ಚಾಗಿ ಏಪ್ರಿಲ್ ಒಂದರಿಂದ ಜಾರಿಗೆ ಬರುತ್ತವೆ. ಹಾಗಾಗಿ ಮಾರ್ಚ್ ಕೊನೆಯೆಂದರೆ ಬೀಳ್ಕೊಡುಗೆಗಳ ಸುಗ್ಗಿ. 2009ರ ಅಂಥದೊಂದು ಕೂಟಕ್ಕೆ ಮನೆಯವರನ್ನೂ ಕರೆತರಬೇಕೆಂದು ವಿಭಾಗದ ಮುಖ್ಯಸ್ಥರು ವಿಶೇಷವಾಗಿ ಹೇಳಿದರು. ಅಲ್ಲಿನ ಕಚೇರಿ ಕೂಟಗಳಿಗೆ ಪತ್ನಿಯರನ್ನು ಕರೆಯುವ ರೂಢಿ ಅಷ್ಟಾಗಿ ಇಲ್ಲ. ಊಟ ಮುಗಿದ ಮೇಲೆ "ನಿಜಿಕಾಯ್", ಅಂದರೆ ಎರಡನೆಯ ಕೂಟ. ಅದಕ್ಕಾಗಿ ಸನ್ನೊಮಿಯಾ ನಿಲ್ದಾಣದ ಬಳಿಯ ಕರೋಕೆ ಕಟ್ಟಡಕ್ಕೆ ಎಲ್ಲರೂ ನಡೆದೆವು.

ಕರೋಕೆ ಎಂದರೆ ದೊಡ್ಡ ಹೋಟೆಲಿನ ವೇದಿಕೆಯೆಂದು ಭಾವಿಸಿದ್ದ ನಮಗೆ ಕಂಡದ್ದು ಉದ್ದದ ಓಣಿ, ಎರಡೂ ಬದಿಗೆ ಬಾಗಿಲುಗಳು. ಒಳಗೆ ಪುಟ್ಟ ಕೋಣೆ, ಸೋಫಾ, ಮೇಜು, ಪರದೆ, ಎರಡು ಮೈಕು, ಒಂದು ಖಂಜಿರದಂಥ ತಾಳವಾದ್ಯ. ಬಾಡಿಗೆ ಅರ್ಧ ಗಂಟೆಯ ಲೆಕ್ಕದಲ್ಲಿ. 1980ರ ದಶಕದಲ್ಲಿ ಒಕಯಾಮಾ ಪ್ರಾಂತದಲ್ಲಿ ಸರಕು ಸಾಗಿಸುವ ಹಳೆಯ ಕಂಟೇನರುಗಳನ್ನು ಇಂಥ ಕೋಣೆಗಳಾಗಿ ಮಾರ್ಪಡಿಸಿದಲ್ಲಿಂದ ಈ ಪದ್ಧತಿ ಹಬ್ಬಿತಂತೆ.

ಈ ಕಲೆಗೂ ಕೋಬೆಗೂ ಹಳೆಯ ನಂಟು. ಜಪಾನಿ ಭಾಷೆಯಲ್ಲಿ "ಕರಾ" ಎಂದರೆ ಬರಿದು. "ಓಕೆ" ಎಂಬುದು ಆರ್ಕೆಸ್ಟ್ರಾ ಪದದ ತುಂಡು. ಟೋಕಿಯೋದ ಶಿಗೆಇಚಿ ನೆಗಿಶಿ 1967ರಲ್ಲಿಯೇ ಇಂಥದೊಂದು ಪೆಟ್ಟಿಗೆ ನಿರ್ಮಿಸಿದ್ದರಾದರೂ ಹೆಚ್ಚು ಪ್ರಸಿದ್ಧಿಗೆ ಬಂದವರು ಕೋಬೆಯ ದೈಸುಕೆ ಇನೊಉಎ. ಪಾನಗೃಹಗಳಲ್ಲಿ ಹಾಡುವ ಗಿರಾಕಿಗಳಿಗೆ ಪಕ್ಕವಾದ್ಯ ನುಡಿಸುತ್ತಿದ್ದವರು ಅವರು. ಕಂಪನಿಯೊಂದರ ಮಾಲೀಕರು ತಮ್ಮ ಪ್ರವಾಸಕ್ಕೆ ಬಂದು ನುಡಿಸುವಂತೆ ಕೇಳಿಕೊಂಡಾಗ, ತಾವು ಹೋಗಲಾರದೆ, ಆ ಮನುಷ್ಯನ ಕಂಠಕ್ಕೆ ಹೊಂದುವ ಶ್ರುತಿಯಲ್ಲಿ ವಾದ್ಯಸಂಗೀತವನ್ನು ಮುದ್ರಿಸಿ ಕೊಟ್ಟರು. ಅದೇ ಬೀಜ. 1971ರಲ್ಲಿ ನಾಣ್ಯ ಹಾಕಿದರೆ ನುಡಿಯುವ ಹನ್ನೊಂದು ಯಂತ್ರಗಳನ್ನು ಮಾಡಿಸಿ ಊರಿನ ಪಾನಗೃಹಗಳಿಗೆ ಬಾಡಿಗೆಗೆ ಕೊಟ್ಟರು. ಪೇಟೆಂಟ್ ಮಾತ್ರ ಪಡೆಯಲಿಲ್ಲ. ಮುಂದೆ ಕರೋಕೆ ಯಂತ್ರಗಳೊಳಗೆ ಸೇರುವ ಜಿರಳೆಗಳನ್ನು ಓಡಿಸುವ ಔಷಧಿಯನ್ನೂ ಮಾರಿದರು! 2004ರಲ್ಲಿ, ಜನರು ಪರಸ್ಪರರನ್ನು ಸಹಿಸಿಕೊಳ್ಳಲು ಹೊಸ ದಾರಿ ತೋರಿದ್ದಕ್ಕಾಗಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಪುರಸ್ಕಾರ ದೊರಕಿತು.

ಸಹಿಸಿಕೊಳ್ಳುವುದೆಂದರೆ ಏನೆಂಬುದು ಆ ರಾತ್ರಿ ನಮಗೆ ತಿಳಿಯಿತು. ಹಗಲೆಲ್ಲ ಮುಖ ಬಿಗಿದುಕೊಂಡಿರುವ ಮುಖ್ಯಸ್ಥರು ಕಣ್ಣು ಮುಚ್ಚಿ ವಿರಹಗೀತೆಯೊಂದನ್ನು ಹಾಡಿದರು. ಯಾರೂ ನಗಲಿಲ್ಲ. ಬಳಿಕ ಹಾಡು ಆರಿಸುವ ಫಲಕ ನಮ್ಮ ಕೈಗೆ ಬಂತು. ತಪ್ಪಿಸಿಕೊಳ್ಳುವ ದಾರಿ ಕಾಣದೆ, ನಮ್ಮ ಕಡೆಯ ಮದುವೆ ಮನೆಗಳ ಬ್ಯಾಂಡಿನವರು ಬಿಡದೆ ನುಡಿಸುವ ಜಾನ್ ಡೆನ್ವರ್ ಅವರ "ಕಂಟ್ರಿ ರೋಡ್ಸ್" ಹಾಡನ್ನು ಒತ್ತಿದೆವು. ಅದೂ 1971ರದೇ. 1995ರ ಚಲನಚಿತ್ರವೊಂದರಿಂದ ಜಪಾನೀಯರಿಗೂ ಅದು ಸುಪರಿಚಿತ.

ಪರದೆಯ ಮೇಲೆ ಅಕ್ಷರಗಳು ಬಣ್ಣ ಬದಲಿಸುತ್ತ ಮುಂದೆ ಓಡಿದವು, ನಾವು ಹಿಂದೆ. ಪಲ್ಲವಿಗೆ ಬರುವಷ್ಟರಲ್ಲಿ ಕಂಠ ಒಡೆಯಿತು. ಕಿವಿಯೆಲ್ಲ ಬಿಸಿ. ಆಗ ಪಕ್ಕದ ಕಿರಿಯ ಸಹೋದ್ಯೋಗಿ ಒಂದು ಮಾತನ್ನೂ ಆಡದೆ ಯಂತ್ರದ ಗುಂಡಿಯೊತ್ತಿ ಶ್ರುತಿಯನ್ನು ಎರಡು ಮೆಟ್ಟಿಲು ಇಳಿಸಿದನು. ಇನ್ನೊಬ್ಬರು ತಾಳ ಹಿಡಿದರು. ಅಷ್ಟರಲ್ಲಿ ಎಡಬದಿಯಿಂದ ಮತ್ತೊಂದು ಧ್ವನಿ ಸೇರಿಕೊಂಡಿತು. ತಿರುಗಿ ನೋಡಿದರೆ ನಮ್ಮ ಮನೆಯಾಕೆ, ಎರಡನೆಯ ಮೈಕು ಹಿಡಿದು, ದಾರಿ ತಪ್ಪಿದ ಮಗುವಿನ ಕೈ ಹಿಡಿದು ನಡೆಸುವಂತೆ ನಮ್ಮನ್ನು ರಾಗಕ್ಕೆ ಎಳೆದು ತರುತ್ತಿದ್ದಳು. ಯಂತ್ರ ನೂರಕ್ಕೆ 68 ಅಂಕ ಕೊಟ್ಟಿತು. ಅದರಲ್ಲಿ ನಮ್ಮ ಪಾಲೆಷ್ಟೆಂದು ಓದುಗರು ಕೇಳಬಾರದು.

ನಂತರ ಆಕೆ ಒಬ್ಬಳೇ ಒಂದು ಹಾಡಿದಳು. ಮತ್ತೊಂದು ಬೇಕೆಂದರು. ಹಾಡುತ್ತಿರುವಾಗ ಗೋಡೆಯ ದೂರವಾಣಿ ಗಂಟೆ ಬಾರಿಸಿತು. ಅವಧಿಗೆ ಹತ್ತು ನಿಮಿಷ ಉಳಿದಾಗ ಹಾಗೆ ಎಚ್ಚರಿಸುವುದು ಅಲ್ಲಿನ ಪದ್ಧತಿ. ಮುಖ್ಯಸ್ಥರು ಎತ್ತಿ, ಇನ್ನೂ ಅರ್ಧ ಗಂಟೆ ಬೇಕೆಂದರು.

ಮುಂದಿನ ಶನಿವಾರ ಮಧ್ಯಾಹ್ನ ಅದೇ ಕಟ್ಟಡಕ್ಕೆ ಹೋಗೋಣವೆಂದು ಹೇಳಿದವಳು ಆಕೆಯೇ. ಈ ಬಾರಿ ನಾವಿಬ್ಬರೇ. ಸಹಸ್ರಾರು ಹಾಡುಗಳ ಆ ಪಟ್ಟಿಯನ್ನು ಎಷ್ಟು ತಡಕಿದರೂ ಕನ್ನಡವಿಲ್ಲ, ಕೊಂಕಣಿಯಂತೂ ಇಲ್ಲವೇ ಇಲ್ಲ. ಆಕೆ ಫಲಕವನ್ನು ಪಕ್ಕಕ್ಕಿಟ್ಟಳು. ಮೈಕಿಗೆ ತುಸು ಪ್ರತಿಧ್ವನಿ ಏರಿಸಿಕೊಂಡು, ವಾದ್ಯವಿಲ್ಲದೆಯೇ ವಿಲ್ಫಿ ರೆಬಿಂಬಸರ ಕೊಂಕಣಿ ಹಾಡುಗಳನ್ನು ಒಂದರ ಮೇಲೊಂದು ಹಾಡತೊಡಗಿದಳು. ಪರದೆಯ ಮೇಲೆ ಯಾವುದೋ ಜಾಹೀರಾತು ತನ್ನ ಪಾಡಿಗೆ ಓಡುತ್ತಿತ್ತು. ನಾವು ತಾಳ ಹಾಕುತ್ತ ಕುಳಿತೆವು.

ದೂರವಾಣಿ ಗಂಟೆ ಬಾರಿಸಿತು. ನಾವು ಏಳುವ ಮುನ್ನವೇ ಆಕೆ ಹೋಗಿ ಎತ್ತಿಕೊಂಡು, ವಾರವಿಡೀ ಕಲಿತಿಟ್ಟ ಜಪಾನಿ ಮಾತಿನಲ್ಲಿ, ಇನ್ನೂ ಅರ್ಧ ಗಂಟೆ ಎಂದಳು.