ಬೀದರದ ಯುದ್ಧಕಾಲದ ವಿಮಾನ ನೆಲೆ

ಕೋಟೆಗಳ ಚರಿತ್ರೆಯನ್ನು ಬರೆದವರು ನಮ್ಮಲ್ಲಿ ಅನೇಕರಿದ್ದಾರೆ. ವಿಮಾನ ನೆಲೆಗಳ ಚರಿತ್ರೆಯನ್ನು ಬರೆದವರು ಬಹಳ ಕಡಿಮೆ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಕೋಟೆಗೆ ಬುರುಜುಗಳಿವೆ, ಹೆಬ್ಬಾಗಿಲುಗಳಿವೆ, ಶಾಸನಗಳಿವೆ. ಅದು ಪಾಳುಬಿದ್ದರೂ ನೋಡುವವನನ್ನು ತಡೆದು ನಿಲ್ಲಿಸುತ್ತದೆ. ವಿಮಾನ ನೆಲೆಯಾದರೋ ಬರಿಯ ಬಯಲು. ವಿಮಾನಗಳು ಬರುವುದು ನಿಂತೊಡನೆ ಅಲ್ಲಿ ಹುಲ್ಲು ಬೆಳೆಯುತ್ತದೆ. ಕೆಲವು ವರ್ಷಗಳಲ್ಲಿ ಅದು ಸುತ್ತಲಿನ ಹೊಲಗಳೊಡನೆ ಸೇರಿಹೋದಂತೆ ಕಾಣುತ್ತದೆ. ಆದರೂ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ತಿಳಿಯಬಯಸುವವರು ಇಂತಹ ಬಯಲುಗಳನ್ನು ಓದಲು ಕಲಿಯಬೇಕು. ಬೀದರದಲ್ಲಿ ಕೋಟೆಯೂ ಇದೆ, ಬಯಲೂ ಇದೆ. ಬಹಮನಿ ಸುಲ್ತಾನರ ಕೋಟೆಯನ್ನು ಎಲ್ಲರೂ ಬಲ್ಲರು. 1942ರಲ್ಲಿ ಸಿದ್ಧವಾಗಿ, ಕೆಲಕಾಲ ಬಳಕೆ ತಪ್ಪಿ, ಮತ್ತೆ ಜೀವ ತಳೆದ ವಿಮಾನ ನೆಲೆಯ ಕಥೆಯನ್ನು ಈ ಲೇಖನದಲ್ಲಿ ನಿರೂಪಿಸಲು ಯತ್ನಿಸುವೆವು.

ಸುಲ್ತಾನ್ ಬಜಾರಿನಲ್ಲಿ ಕನ್ನಡ ಓದುವ ನಮಗೆ ಬೀದರವು ಪರಸ್ಥಳವಲ್ಲ. ನಮ್ಮ ಸುತ್ತಲಿನ ಕನ್ನಡ ಮನೆತನಗಳಲ್ಲಿ ಬಹಳಷ್ಟು ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದುವು. ರಸ್ತೆಯ ಮಾರ್ಗವಾಗಿ ಬೀದರ ಇಲ್ಲಿಂದ ಸುಮಾರು 140 ಕಿಲೋಮೀಟರ್ ಮಾತ್ರ. 1956ರ ನವೆಂಬರ್ 1ರವರೆಗೆ ಬೀದರವೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದುವು. ಇಷ್ಟೇ ಅಲ್ಲದೆ, ಈ ಕಥೆಯ ಒಂದು ಎಳೆ ನಮ್ಮ ಬಜಾರಿನಿಂದಲೇ ಹೊರಡುತ್ತದೆ. ಸುಲ್ತಾನ್ ಬಜಾರ್ ಎಂಬ ಹೆಸರು ಬರುವ ಮೊದಲು ಇದು ರೆಸಿಡೆನ್ಸಿ ಬಜಾರ್ ಎನಿಸಿತ್ತು. ಪಕ್ಕದ ರೆಸಿಡೆನ್ಸಿಯಲ್ಲಿ ಬ್ರಿಟಿಷ್ ರೆಸಿಡೆಂಟನು ವಾಸವಾಗಿದ್ದನು. ಬಜಾರಿನ ಆಡಳಿತವೂ ಅವನದೇ ಆಗಿತ್ತು. 1933ರಲ್ಲಿ ಮಾತ್ರ ಈ ಪ್ರದೇಶವು ನಿಜಾಮರಿಗೆ ಮರಳಿ ಬಂದಿತು. ನಿಜಾಮರ ಸಂಸ್ಥಾನವು ಹೆಸರಿಗೆ ಬೇರೆಯಾಗಿದ್ದರೂ ಸೈನ್ಯ ಮತ್ತು ಹೊರನಾಡಿನ ವ್ಯವಹಾರಗಳಲ್ಲಿ ಬ್ರಿಟಿಷರ ಮಾತೇ ನಡೆಯುತ್ತಿತ್ತು ಎಂಬುದಕ್ಕೆ ಈ ರೆಸಿಡೆನ್ಸಿಯೇ ಸಾಕ್ಷಿ. ಬ್ರಿಟಿಷರ ಯುದ್ಧವು ಬೀದರದ ಬಯಲಿಗೆ ಹೇಗೆ ಬಂದಿತೆಂಬುದು ಇದರಿಂದ ಅರ್ಥವಾಗುತ್ತದೆ.

ನಿಜಾಮರಿಗೂ ವಿಮಾನಗಳಿಗೂ ಇದ್ದ ಸಂಬಂಧ ಇನ್ನೂ ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷ್ ವಾಯುಪಡೆಯ 110ನೆಯ ದಳಕ್ಕೆ ವಿಮಾನಗಳನ್ನು ಒದಗಿಸಲು ಹಣ ಕೊಟ್ಟರು. ಆ ದಳಕ್ಕೆ ಹೈದರಾಬಾದಿನ ಹೆಸರನ್ನೇ ಇಡಲಾಯಿತು. ಎರಡನೆಯ ಯುದ್ಧದಲ್ಲಿ 152ನೆಯ ದಳವೂ ಇದೇ ಹೆಸರನ್ನು ಹೊತ್ತು, ಮೊದಲು ಬ್ರಿಟನ್ನಿನ ಆಕಾಶದಲ್ಲಿಯೂ ಮುಂದೆ ಬರ್ಮಾದ ರಣರಂಗದಲ್ಲಿಯೂ ಕಾದಾಡಿತು. ಆ ದಳದ ಲಾಂಛನದಲ್ಲಿ ನಿಜಾಮರ ಶಿರೋಭೂಷಣದ ಚಿತ್ರವಿದ್ದಿತು. ಹೈದರಾಬಾದ್ ನಗರದ ಬೇಗಂಪೇಟೆಯಲ್ಲಿ 1930ರ ದಶಕದಲ್ಲಿಯೇ ಏರೋ ಕ್ಲಬ್ಬು ಇದ್ದಿತು. ಯುದ್ಧಕಾಲದಲ್ಲಿ ಅಲ್ಲಿ ಎಳೆಯ ಚಾಲಕರಿಗೆ ಹಾರಾಟದ ಮೊದಲ ಪಾಠಗಳನ್ನು ಕಲಿಸುವ ಶಾಲೆಯೊಂದು ನಡೆಯಿತು.

1942ನೆಯ ವರ್ಷವು ಭಾರತಕ್ಕೆ ಭಯದ ವರ್ಷವಾಗಿ ಬಂದಿತು. ಆ ಮಾರ್ಚ್ ತಿಂಗಳಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಏಪ್ರಿಲ್ 5ರಂದು ಕೊಲಂಬೋ ನಗರದ ಮೇಲೆಯೂ ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆಯೂ ಅವರ ವಿಮಾನಗಳು ಬಾಂಬು ಸುರಿಸಿದುವು. ಅಲ್ಲಿಯವರೆಗೆ ಭಾರತದ ರಕ್ಷಣೆಯೆಂದರೆ ವಾಯವ್ಯದ ಗಡಿಯ ರಕ್ಷಣೆ ಎಂದೇ ಬ್ರಿಟಿಷರು ತಿಳಿದಿದ್ದರು. ಅವರ ಒಳ್ಳೆಯ ವಿಮಾನ ನೆಲೆಗಳೂ ಆ ದಿಕ್ಕಿನಲ್ಲಿದ್ದುವು. ಈಗ ಶತ್ರುವು ಪೂರ್ವದಿಂದ, ಅದೂ ಸಮುದ್ರದ ಮೇಲಿನಿಂದ ಬಂದಿದ್ದನು. ಆದುದರಿಂದ ದೇಶದಾದ್ಯಂತ 200ಕ್ಕೂ ಹೆಚ್ಚು ವಿಮಾನ ನೆಲೆಗಳನ್ನು ಅವಸರದಿಂದ ನಿರ್ಮಿಸುವ ಯೋಜನೆಯನ್ನು ಕೈಕೊಳ್ಳಲಾಯಿತು. ಬೀದರದ ನೆಲೆಯು ಸ್ಥಾಪಿತವಾದುದು ಈ ವರ್ಷದಲ್ಲಿಯೇ. ಕನ್ನಡ ನಾಡಿನ ಯಲಹಂಕ ಮತ್ತು ಬೆಳಗಾವಿಯ ಸಾಂಬ್ರಾ ನೆಲೆಗಳೂ ಇದೇ ಕಾಲದವು.

ವಿಮಾನ ನೆಲೆಗೆ ಎಂತಹ ಸ್ಥಳ ತಕ್ಕುದು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತವೆಂದು ತೋರುತ್ತದೆ. ಸಮುದ್ರತೀರದಲ್ಲಿ ನೆಲೆಯನ್ನು ಕಟ್ಟಿದರೆ ಅದು ಶತ್ರುವಿನ ಕೈಗೆ ಬೇಗ ಸಿಕ್ಕುತ್ತದೆ. ತೀರದಿಂದ ದೂರವಿರುವ ದಖ್ಖನ್ ಪ್ರಸ್ಥಭೂಮಿಯಲ್ಲಾದರೆ ಆ ಭಯ ಕಡಿಮೆ. ಸುತ್ತಲೂ ಬೆಟ್ಟಗಳಿರಬಾರದು, ನೆಲವು ಸಮತಟ್ಟಾಗಿರಬೇಕು, ಮಳೆಯ ನೀರು ನಿಲ್ಲಬಾರದು. ಬೀದರವು ಸಮುದ್ರಮಟ್ಟದಿಂದ 2000 ಅಡಿಗಳಿಗಿಂತಲೂ ಎತ್ತರದ ಚಪ್ಪಟೆಯಾದ ದಿಣ್ಣೆಯ ಮೇಲಿದೆ. ಅಲ್ಲಿನ ನೆಲ ಕೆಂಪು ಜಂಬಿಟ್ಟಿಗೆಯದು. ನೀರನ್ನು ಇಂಗಿಸಿಕೊಳ್ಳುವ ಗುಣ ಅದಕ್ಕಿದೆ. ಬಹಮನಿಗಳ ಕಾಲದವರು ಇದೇ ಜಂಬಿಟ್ಟಿಗೆಯನ್ನು ಕೊರೆದು ಕೋಟೆಯ ಕಂದಕವನ್ನು ಮಾಡಿದರು, ಕರೇಜ್ ಎಂಬ ನೆಲದೊಳಗಿನ ನೀರಿನ ಕಾಲುವೆಗಳನ್ನು ತೋಡಿದರು. ಮಳೆಗಾಲದಲ್ಲಿ ಸುತ್ತಲಿನ ತಗ್ಗಿನ ಎರೆಭೂಮಿಯಲ್ಲಿ ಬಂಡಿಯ ಗಾಲಿ ಹೂತುಹೋಗುತ್ತದೆ. ದಿಣ್ಣೆಯ ಮೇಲಿನ ಕೆಂಪು ನೆಲವು ಬೇಗನೆ ಗಟ್ಟಿಯಾಗುತ್ತದೆ. ಹೀಗೆ ಐದು ನೂರು ವರ್ಷಗಳ ಹಿಂದೆ ಸುಲ್ತಾನರಿಗೆ ಯಾವ ಗುಣಗಳು ಮೆಚ್ಚಿಗೆಯಾದುವೋ ಅವೇ ಗುಣಗಳು ವಿಮಾನದ ಯುಗಕ್ಕೂ ಒದಗಿಬಂದುವು.

ಯುದ್ಧಕಾಲದ ಭಾರತದಲ್ಲಿ ವಿಮಾನ ನೆಲೆಗಳನ್ನು ಕಟ್ಟಿದ ಬಗೆಯನ್ನು ನೆನೆದರೆ ಆಶ್ಚರ್ಯವಾಗುತ್ತದೆ. ರನ್‌ವೇ ಎಂದರೆ ವಿಮಾನವು ಏರುವ ಮೊದಲು ವೇಗವಾಗಿ ಓಡುವ ಗಟ್ಟಿಯಾದ ಹಾದಿ. ತುಂಬಿದ ಬಾಂಬರ್ ವಿಮಾನಕ್ಕೆ ಸುಮಾರು ಒಂದು ಮೈಲಿಯಷ್ಟು ಉದ್ದದ ಹಾದಿ ಬೇಕಾಗುತ್ತಿತ್ತು. ವಿಮಾನವು ಗಾಳಿಗೆ ಎದುರಾಗಿ ಓಡಿದರೆ ಬೇಗ ಏರುತ್ತದೆ; ಗಾಳಿಯು ಪಕ್ಕದಿಂದ ಬೀಸಿದರೆ ಹಗುರವಾದ ವಿಮಾನವು ವಾಲಿ ಅಪಾಯಕ್ಕೀಡಾಗಬಹುದು. ಈ ಕಾರಣದಿಂದ ಅನೇಕ ನೆಲೆಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಎರಡು ಮೂರು ಹಾದಿಗಳನ್ನು ಮಾಡುತ್ತಿದ್ದರು. ದೊಡ್ಡ ಯಂತ್ರಗಳು ಆಗ ಇಲ್ಲಿ ವಿರಳ. ಸಾವಿರಾರು ಕೂಲಿಕಾರರು ಸುತ್ತಿಗೆಯಿಂದ ಕಲ್ಲನ್ನು ಜಲ್ಲಿಯಾಗಿ ಒಡೆದರು. ಹೆಂಗಸರು ಬುಟ್ಟಿಗಳಲ್ಲಿ ಮಣ್ಣನ್ನು ಹೊತ್ತು ಸುರಿದರು. ಚರಿತ್ರೆಯ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರುಗಳಿವೆ. ಈ ಬುಟ್ಟಿ ಹೊತ್ತವರ ಹೆಸರುಗಳಿಲ್ಲ.

ಜಪಾನೀಯರು ದಖ್ಖನಿಗೆ ಬರಲಿಲ್ಲ. 1945ರ ಆಗಸ್ಟಿನಲ್ಲಿ ಯುದ್ಧವು ಮುಗಿಯಿತು. ಯಾರನ್ನು ಎದುರಿಸುವುದಕ್ಕಾಗಿ ಇಷ್ಟೆಲ್ಲ ಸಿದ್ಧತೆ ನಡೆದಿತ್ತೋ ಆ ಶತ್ರುವನ್ನು ಬೀದರವು ಕಾಣಲೇ ಇಲ್ಲ. ಆದರೆ ಒಮ್ಮೆ ಮಾಡಿದ ದಾರಿಯು, ತನ್ನ ಮೇಲೆ ಬರುವವನು ಯಾರೆಂದು ಕೇಳುವುದಿಲ್ಲ. ಮೂರೇ ವರ್ಷಗಳಲ್ಲಿ ಆ ದಾರಿಯಲ್ಲಿ ಬೇರೆಯೇ ಬಗೆಯ ಅತಿಥಿಗಳು ಇಳಿದರು.

1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದಾಗ ನಿಜಾಮರು ಭಾರತದ ಒಕ್ಕೂಟವನ್ನು ಸೇರಲಿಲ್ಲ. ಆ ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿಯ ಒಪ್ಪಂದವಾಯಿತು. ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ, ನಾಲ್ಕೂ ಕಡೆ ಭಾರತದ ನೆಲವೇ ಇದ್ದಿತು. ಆದುದರಿಂದ ಹೊರಗಿನಿಂದ ಆಯುಧಗಳನ್ನು ತರಿಸಬೇಕಾದರೆ ಆಕಾಶಮಾರ್ಗವೊಂದೇ ಉಳಿದಿತ್ತು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಚಾಲಕನು ಈ ಕೆಲಸಕ್ಕೆ ಮುಂದಾದನು. ಅವನು ಸಾಮಾನ್ಯನಲ್ಲ, 1939ರಲ್ಲಿ ಜರ್ಮನಿಯ ಮೇಲೆ ಹಾರುತ್ತ ಬ್ರಿಟಿಷರಿಗಾಗಿ ಗುಟ್ಟಾಗಿ ಛಾಯಾಚಿತ್ರಗಳನ್ನು ತೆಗೆದವನು. 1948ರಲ್ಲಿ ಅವನ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ರಾತ್ರಿಯ ಹೊತ್ತು ಹೊರಟು, ಭಾರತದ ಮೇಲೆ ಹಾರಿ, ಸಂಸ್ಥಾನದ ನೆಲೆಗಳಲ್ಲಿ ಬಂದೂಕು ಮದ್ದುಗುಂಡುಗಳನ್ನು ಇಳಿಸಿ, ಹಿಂತಿರುಗುತ್ತಿದ್ದುವು. ಬೀದರವೂ ವರಂಗಲ್ಲೂ ಅಂತಹ ನೆಲೆಗಳಾಗಿದ್ದುವು. ಲ್ಯಾಂಕಾಸ್ಟ್ರಿಯನ್ ಎಂಬುದು ಯುದ್ಧಕಾಲದ ಲ್ಯಾಂಕಾಸ್ಟರ್ ಬಾಂಬರನ್ನು ಪ್ರಯಾಣಕ್ಕೂ ಸಾಗಣೆಗೂ ಮಾರ್ಪಡಿಸಿದ ವಿಮಾನ. ಮುಗಿದ ಯುದ್ಧದ ವಿಮಾನವು, ಮುಗಿದ ಯುದ್ಧದ ನೆಲೆಗೆ, ಹೊಸದೊಂದು ಕಾಳಗದ ಸಾಮಗ್ರಿಯನ್ನು ತಂದಿತೆಂದು ಹೇಳಬಹುದು. ಇದಕ್ಕಾಗಿ ಕಾಟನನಿಗೆ ಮುಂದೆ ಬ್ರಿಟನ್ನಿನ ನ್ಯಾಯಾಲಯದಲ್ಲಿ ದೊರೆತ ಶಿಕ್ಷೆ 200 ಪೌಂಡುಗಳ ದಂಡ ಮಾತ್ರ.

1948ರ ಸೆಪ್ಟೆಂಬರ್ 13ರಂದು ಪೋಲೀಸ್ ಕಾರ್ಯಾಚರಣೆ ಎಂದು ಹೆಸರಾದ ಸೈನಿಕ ಕ್ರಮವು ಆರಂಭವಾಯಿತು. ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಖ್ಯ ಸೇನೆಯು ಸೊಲ್ಲಾಪುರದಿಂದ ಹೊರಟಿತು. ಭಾರತದ ಟೆಂಪೆಸ್ಟ್ ವಿಮಾನಗಳು ಬೀದರ ಮತ್ತು ವರಂಗಲ್ಲಿನ ನೆಲೆಗಳ ಮೇಲೆ ಬಾಂಬು ಹಾಕಿದುವು. ಆಯುಧದ ವಿಮಾನಗಳಿಗೆ ಇಳಿಯುವ ಸ್ಥಳವನ್ನು ಇಲ್ಲದಂತೆ ಮಾಡುವುದೇ ಇದರ ಉದ್ದೇಶ. ನಿಜಾಮರಿಗೆ ಸ್ವಂತ ವಾಯುಪಡೆ ಇರಲಿಲ್ಲವಾದ್ದರಿಂದ ಆಕಾಶದಲ್ಲಿ ಎದುರಿಸುವವರೂ ಇರಲಿಲ್ಲ. ಸೆಪ್ಟೆಂಬರ್ 17ರ ಬೆಳಗಿನ ಜಾವ ಸೇನೆಯು ಬೀದರವನ್ನು ಪ್ರವೇಶಿಸಿತು. ಅಂದೇ ಸಂಜೆ ನಿಜಾಮರು ಕದನವಿರಾಮವನ್ನು ಸಾರಿದರು. ಮರುದಿನ ಸಂಸ್ಥಾನದ ಸೇನಾಪತಿ ಎಲ್ ಎದ್ರೂಸರು ಶರಣಾದರು.

ಈ ಐದು ದಿನಗಳ ಹಿಂದೆಯೂ ಮುಂದೆಯೂ ಸಾಮಾನ್ಯ ಜನರು ಪಟ್ಟ ಪಾಡನ್ನು ಹೇಳದೆ ನೆಲೆಯ ಕಥೆಯನ್ನು ಮಾತ್ರ ಹೇಳುವುದು ನ್ಯಾಯವಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಕಾರ್ಯಾಚರಣೆಯ ಅನಂತರ ಮುಸಲ್ಮಾನ ಕುಟುಂಬಗಳ ಮೇಲೆ ಹಿಂಸೆ ನಡೆಯಿತು. ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಬಂದೂಕುಗಳು ಯಾವ ಹಾದಿಯಿಂದ ಬಂದರೂ, ಕೊನೆಗೆ ಅವು ತಲುಪುವುದು ಬಾಗಿಲು ಮುಚ್ಚಿಕೊಂಡು ಕುಳಿತ ಮನೆಗಳನ್ನು ಎಂಬ ಪಾಠವನ್ನು ಎರಡೂ ಕಡೆಯವರ ಕಣ್ಣೀರು ಕಲಿಸುತ್ತದೆ.

ಆಮೇಲೆ ನೆಲೆಯು ಮೌನವಾಯಿತು. ಸುಮಾರು 15 ವರ್ಷಗಳ ಕಾಲ ವಾಯುಪಡೆಗೆ ಅದರ ಅವಶ್ಯಕತೆ ತೋರಲಿಲ್ಲ. ಬಳಕೆಯಿಲ್ಲದ ರನ್‌ವೇ ತಾನಾಗಿಯೇ ಹಾಳಾಗುವ ವಸ್ತು. ಬಿಸಿಲಿಗೆ ಮೇಲ್ಪದರವು ಬಿರಿಯುತ್ತದೆ. ಬಿರುಕಿನಲ್ಲಿ ಮಳೆಯ ನೀರು ಇಳಿದು ಒಳಗಿನ ಜಲ್ಲಿಯನ್ನು ಸಡಿಲಿಸುತ್ತದೆ. ಅಲ್ಲಿ ಬೇರೂರಿದ ಗಿಡವು ಬಿರುಕನ್ನು ಅಗಲಿಸುತ್ತದೆ. ಆದರೆ ಒಂದು ಸಂಗತಿ ಮಾತ್ರ ಕೆಡುವುದಿಲ್ಲ: ಒಂದೇ ಕಡೆ ನೂರಾರು ಎಕರೆ ಸಮತಟ್ಟಾದ ನೆಲವು ಸರ್ಕಾರದ ಹೆಸರಿನಲ್ಲಿ ಉಳಿದಿರುತ್ತದೆ. ಹಳೆಯ ನೆಲೆಗಳಿಗೆ ಮರುಜನ್ಮವು ಸಾಧ್ಯವಾಗುವುದು ಇದರಿಂದಲೇ.

ಬೀದರಕ್ಕೆ ಆ ಮರುಜನ್ಮ ದೊರೆತುದು 1963ರಲ್ಲಿ. ಅದರ ಹಿಂದಿನ ವರ್ಷ ಚೀನಾದೊಡನೆ ನಡೆದ ಯುದ್ಧದಿಂದ, ವಾಯುಪಡೆಗೆ ಇನ್ನೂ ಹೆಚ್ಚು ಚಾಲಕರು ಬೇಕೆಂಬುದು ಮನವರಿಕೆಯಾಗಿದ್ದಿತು. ಆಗ ಬೀದರದಲ್ಲಿ ಹಾರಾಟದ ಪ್ರಾಥಮಿಕ ಶಿಕ್ಷಣದ ಶಾಲೆಯು ಆರಂಭವಾಯಿತು. ಅಲ್ಲಿ ಮೊದಲು ಬಳಸಿದುದು ಎಚ್.ಟಿ.-2 ಎಂಬ ವಿಮಾನ, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು, 1951ರಲ್ಲಿ ಮೊದಲು ಹಾರಿದುದು. 1996ರಲ್ಲಿ ಇಲ್ಲಿಯೇ ಸೂರ್ಯಕಿರಣ ಎಂಬ ಪ್ರದರ್ಶನ ತಂಡವು ರಚಿತವಾಯಿತು. 2008ರಲ್ಲಿ ಹಾಕ್ ಎಂಬ ಜೆಟ್ ತರಬೇತಿ ವಿಮಾನಗಳು ಬಂದುವು. ಪರದೇಶದ ಬಂದೂಕುಗಳು ಕತ್ತಲೆಯಲ್ಲಿ ಇಳಿದ ನೆಲದಲ್ಲಿ, ಕನ್ನಡ ನಾಡಿನಲ್ಲಿಯೇ ತಯಾರಾದ ವಿಮಾನಗಳು ಹಗಲಿನಲ್ಲಿ ವಿದ್ಯಾರ್ಥಿಗಳನ್ನು ಹೊತ್ತು ಏರಿದುವು.

ಊರಿನ ಸಾಮಾನ್ಯ ಜನರಿಗೆ ಆ ನೆಲೆ ಒದಗಿಬರಲು ಇನ್ನೂ ಬಹುಕಾಲ ಹಿಡಿಯಿತು. ಶಂಶಾಬಾದಿನ ಹೊಸ ನಿಲ್ದಾಣಕ್ಕಾಗಿ 2004ರಲ್ಲಿ ಆದ ಒಪ್ಪಂದದಲ್ಲಿ, ಅದರಿಂದ 150 ಕಿಲೋಮೀಟರ್ ಒಳಗೆ ಮತ್ತೊಂದು ನಾಗರಿಕ ನಿಲ್ದಾಣವು ಬರಬಾರದೆಂಬ ನಿಬಂಧನೆಯಿದ್ದಿತು. ಬೀದರದಲ್ಲಿ ಪ್ರಯಾಣಿಕರಿಗಾಗಿ ಕಟ್ಟಿದ ಕಟ್ಟಡವು ಇದರಿಂದ ಅನೇಕ ವರ್ಷ ಬಳಕೆಯಿಲ್ಲದೆ ನಿಂತಿತು. 2020ರ ಫೆಬ್ರವರಿ 7ರಂದು ಬೆಂಗಳೂರಿಗೆ ವಿಮಾನ ಸೇವೆ ಆರಂಭವಾಯಿತು. ಆ ಸೇವೆಯೂ ನಡುನಡುವೆ ನಿಂತು ಮತ್ತೆ ಮೊದಲಾಗಿದೆ.

ವರಂಗಲ್ಲಿನ ಮಾಮನೂರು ನೆಲೆಯ ಗತಿಯನ್ನು ಇದರೊಡನೆ ಹೋಲಿಸಿ ನೋಡಬಹುದು. ಅದೂ ನಿಜಾಮರ ಕಾಲದ್ದು, ಅದೂ 1948ರಲ್ಲಿ ಬಾಂಬಿಗೆ ಗುರಿಯಾದುದು. ಆದರೆ ಅದಕ್ಕೆ 1963ರಂತಹ ಕರೆ ಬರಲಿಲ್ಲ. ದಶಕಗಳಿಂದ ಅದು ಬಳಕೆಯಿಲ್ಲದೆ ಬಿದ್ದಿತ್ತು. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಅದನ್ನು ಅಭಿವೃದ್ಧಿಪಡಿಸಲು ಒಪ್ಪಿಗೆಯಿತ್ತಿತು. ಇದಕ್ಕಾಗಿ ಸುತ್ತಲಿನ ಹಳ್ಳಿಗಳ ರೈತರ ಭೂಮಿಯೂ ಬೇಕಾಗಿದೆ. ನೆಲೆಯು ಏಳುವಾಗ ಅದಕ್ಕೆ ನೆಲವನ್ನು ಕೊಡುವವರ ಹಿತವನ್ನು ಕಾಯುವುದು, 1942ರ ಅವಸರದಲ್ಲಿ ಆಗದಿದ್ದರೂ, ಶಾಂತಿಯ ಈ ದಿನಗಳಲ್ಲಿ ಆಗಲೇಬೇಕಾದ ಕೆಲಸ.

ಒಂದೇ ಬಯಲು ಜಪಾನೀಯರ ಭಯಕ್ಕೆ ಸಿದ್ಧವಾಯಿತು, ಸಂಸ್ಥಾನದ ಹಟಕ್ಕೆ ಸಾಧನವಾಯಿತು, ಬಾಂಬಿನ ಗುರಿಯಾಯಿತು, ಪಾಳುಬಿದ್ದಿತು, ಶಾಲೆಯಾಯಿತು, ಪ್ರಯಾಣಿಕರ ನಿಲ್ದಾಣವೂ ಆಯಿತು. ಬದಲಾದುದು ನೆಲವಲ್ಲ, ಅದನ್ನು ಬಳಸಿದವರ ಉದ್ದೇಶ. ವಿದ್ಯಾರ್ಥಿ ಮಿತ್ರರು ಬೀದರಕ್ಕೆ ಹೋದಾಗ ಕೋಟೆಯನ್ನು ಅವಶ್ಯವಾಗಿ ನೋಡಲಿ. ಕೋಟೆಯಿಂದ ಹೊರಬಂದ ಮೇಲೆ ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಒಂದು ಕ್ಷಣ ನಿಂತು, ಆ ಕೆಂಪು ನೆಲಕ್ಕೆ ಬುಟ್ಟಿಯಲ್ಲಿ ಮಣ್ಣು ಹೊತ್ತವರನ್ನೂ, 1948ರಲ್ಲಿ ಮನೆಮಠ ಕಳೆದುಕೊಂಡವರನ್ನೂ ನೆನೆಯಲಿ. ಚರಿತ್ರೆಯ ಅಭ್ಯಾಸಕ್ಕೆ ಅದೇ ಒಳ್ಳೆಯ ಆರಂಭವೆಂದು ನಾವು ಭಾವಿಸುತ್ತೇವೆ.