ಗುಂಡ ತಿಂದ ಒಣದ್ರಾಕ್ಷಿ, ನಾವು ಕಲಿತ ಪಾಠ



ಎರಡು ವರ್ಷದ ಹಿಂದೆ, ದೀಪಾವಳಿಯ ರಾತ್ರಿ, ಕೇಸರಿಭಾತಿಗೆಂದು ತೆಗೆದಿಟ್ಟಿದ್ದ ಒಣದ್ರಾಕ್ಷಿಯ ಬಟ್ಟಲನ್ನು ನಮ್ಮ ನಾಯಿ ಗುಂಡ ಬೀಳಿಸಿ, ಅಷ್ಟನ್ನೂ ತಿಂದುಬಿಟ್ಟ. ನಾನು ನಕ್ಕು ಸುಮ್ಮನಾದೆ. ಊಟಕ್ಕೆ ಬಂದಿದ್ದ ಸ್ನೇಹಿತರೊಬ್ಬರು, "ಅಯ್ಯೋ, ದ್ರಾಕ್ಷಿ ನಾಯಿಗೆ ವಿಷ ಕಣ್ರೀ, ಕಿಡ್ನಿ ಹೋಗಿಬಿಡುತ್ತೆ" ಎಂದಾಗ ಎದೆ ಧಸಕ್ಕೆಂದಿತು. ನಮ್ಮ ವೆಟ್ ಕ್ಲಿನಿಕ್ ಮುಚ್ಚಿತ್ತು. ರಾತ್ರಿ ತೆರೆದಿರುವ ಆಸ್ಪತ್ರೆ ಹುಡುಕಿ, ನಲವತ್ತು ನಿಮಿಷ ಕಾರು ಓಡಿಸಿ ತಲುಪಿದೆವು. ಕೌಂಟರಿನಲ್ಲಿ ಒಂದು ಕಾಗದ ಮುಂದಿಟ್ಟರು. ವಾಂತಿ ಮಾಡಿಸಲು, ಎರಡು ದಿನದ ಡ್ರಿಪ್‌ಗೆ, ರಕ್ತಪರೀಕ್ಷೆಗೆ ಅಂದಾಜು 1,900ರಿಂದ 2,600 ಡಾಲರ್. ಮುಂಗಡ ಆಗಲೇ ಕಟ್ಟಬೇಕು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಂದು ಕ್ಷಣ ಹಿಂದೆಮುಂದೆ ನೋಡಿದೆ. ಗುಂಡ ಉಳಿದ, ನಿಜ. ಆದರೆ ಆ ಒಂದು ಕ್ಷಣ ಇವತ್ತಿಗೂ ಚುಚ್ಚುತ್ತದೆ.

ಅಂಥ ಲೆಕ್ಕವನ್ನು ರಾತ್ರಿ ಹನ್ನೊಂದಕ್ಕೆ ಕೌಂಟರಿನ ಮುಂದೆ ಮಾಡಬಾರದು, ಮೊದಲೇ ಮನೆಯಲ್ಲಿ ಕೂತು ಮಾಡಿಟ್ಟಿರಬೇಕು. ಇಲ್ಲಿ ಅಮೆರಿಕದಲ್ಲಿ ನಾವು ಆಮೇಲೆ ಕಲಿತದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

ವೈದ್ಯರ ಆಯ್ಕೆ: ನಾಯಿ ಮನೆಗೆ ಬರುವ ಮೊದಲೇ ವೆಟ್ ಹುಡುಕಿ. ಎ.ಎ.ಎಚ್.ಎ. (ಕೂಡಿಸಿ ಓದಿದರೆ ನಮ್ಮ "ಆಹಾ"!) ಎಂಬ ಸಂಸ್ಥೆ ಆಸ್ಪತ್ರೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಈ ಮಾನ್ಯತೆ ಕಡ್ಡಾಯವಲ್ಲ, ಆದ್ದರಿಂದ ಅದಿಲ್ಲದ ಒಳ್ಳೆಯ ವೈದ್ಯರೂ ಇದ್ದಾರೆ. ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಒಂದು ಭೇಟಿಗೆ ಎಷ್ಟು? ಚಿಕಿತ್ಸೆಗೆ ಮುಂಚೆ ಲಿಖಿತ ಅಂದಾಜು ಕೊಡುತ್ತೀರಾ? ರಾತ್ರಿ, ಭಾನುವಾರ ಎಲ್ಲಿಗೆ ಕಳಿಸುತ್ತೀರಿ? ಮೂರನೆಯದರ ಉತ್ತರವನ್ನು ಫ್ರಿಜ್ ಮೇಲೆ ಅಂಟಿಸಿ. ಎ.ಎಸ್.ಪಿ.ಸಿ.ಎ. ವಿಷ ಸಹಾಯವಾಣಿಯ ನಂಬರೂ ಪಕ್ಕದಲ್ಲಿರಲಿ. ಅದು ದಿನವಿಡೀ ತೆರೆದಿರುತ್ತದೆ, ಶುಲ್ಕ ಕೇಳಬಹುದು. ವೈದ್ಯರನ್ನು ಕೇಳದೆ ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ.

ಖರ್ಚು: ಲಸಿಕೆ, ವರ್ಷದ ತಪಾಸಣೆ, ಹಾರ್ಟ್‌ವರ್ಮ್ ಮಾತ್ರೆ ಗೊತ್ತಿರುವ ಖರ್ಚುಗಳು. ಹಾರ್ಟ್‌ವರ್ಮ್ ಬಂದ ಮೇಲಿನ ಚಿಕಿತ್ಸೆ ತಿಂಗಳ ಮಾತ್ರೆಗಿಂತ ಬಹಳ ದುಬಾರಿ, ನಾಯಿಗೂ ಕಷ್ಟ. ಇಲ್ಲಿ ಜಿಪುಣತನ ಬೇಡ.

ಗೊತ್ತಿಲ್ಲದ ಖರ್ಚಿಗೆ ಎರಡು ದಾರಿ. ಒಂದು ಇನ್ಶೂರೆನ್ಸ್. ಉದಾಹರಣೆಗೆ ಬಿಲ್ 2,000 ಡಾಲರ್, ಡಿಡಕ್ಟಿಬಲ್ 500, ಮರುಪಾವತಿ 80% ಎಂದುಕೊಳ್ಳಿ. 500 ಕಳೆದು ಉಳಿದ 1,500ರಲ್ಲಿ 1,200 ವಾಪಸ್ ಬರುತ್ತದೆ. ಆದರೆ ಸಾಮಾನ್ಯವಾಗಿ ಮೊದಲು ಪೂರ್ತಿ ಹಣ ನೀವೇ ಕಟ್ಟಬೇಕು. ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗೆ ಹೆಚ್ಚಿನ ಪಾಲಿಸಿಗಳಲ್ಲಿ ಹಣ ಸಿಗುವುದಿಲ್ಲ, ಹಾಗಾಗಿ ಮರಿಯಿದ್ದಾಗಲೇ ಮಾಡಿಸುವುದು ಲೇಸು. ಇನ್ನೊಂದು ದಾರಿ, ಬೇರೆಯೇ ಉಳಿತಾಯ ಖಾತೆ. ನಾವು ತಿಂಗಳಿಗೆ 60 ಡಾಲರ್ ಹಾಕುತ್ತೇವೆ. ಮಗಳು ಅದಕ್ಕೆ "ಗುಂಡನ ಹುಂಡಿ" ಎಂದು ಹೆಸರಿಟ್ಟಿದ್ದಾಳೆ.

ಊರಿಗೆ ಹೊರಟಾಗ: ನಾಯಿಯನ್ನು ಬಿಟ್ಟು ಹೋಗುವ ಬೋರ್ಡಿಂಗಿನವರು ಲಸಿಕೆಯ ದಾಖಲೆ ಕೇಳುತ್ತಾರೆ. ಸ್ನೇಹಿತರ ಮನೆಯಲ್ಲಿ ಬಿಟ್ಟರೆ, "ಇವರು ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಇಷ್ಟು ಡಾಲರಿನವರೆಗೆ ನಮ್ಮ ಕಾರ್ಡಿಗೆ ಹಾಕಿ" ಎಂದು ವೆಟ್‌ಗೆ ಪತ್ರ ಬರೆದಿಡಿ. ನೀವು ಮೈಸೂರಿನಲ್ಲಿ ನಿದ್ದೆಯಲ್ಲಿರುವಾಗ ಇಲ್ಲಿ ಆ ಸ್ನೇಹಿತರು ಒದ್ದಾಡಬಾರದು.

ಕೊನೆಯದಾಗಿ, ಹಬ್ಬದ ಅಡಿಗೆಮನೆ. ಒಣದ್ರಾಕ್ಷಿಯಷ್ಟೇ ಅಲ್ಲ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ನಾಯಿಗೆ ಆಗದು. ಪ್ರೀತಿಯಿಂದ ಹುಳಿಯನ್ನ ಕಲೆಸಿ ಹಾಕುವ ಅಜ್ಜ-ಅಜ್ಜಿಯರಿಗೂ ದಯವಿಟ್ಟು ಹೇಳಿಡಿ. ನಮ್ಮ ಮನೆಯ ಒಣದ್ರಾಕ್ಷಿ ಈಗ ಅಟ್ಟದ ಮೇಲಿದೆ. ಗುಂಡ ಕೆಳಗೆ ಕೂತು ಅದನ್ನೇ ನೋಡುತ್ತಿರುತ್ತಾನೆ!